ಗಟ್ಟಿಮೇಳವಿಲ್ಲದ ಮನೆಯ ಫೋಟೊಗಳು

ಪ್ರಶ್ನೆ: ನಾನು ಹತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಮದುವೆ ಫೋಟೊಗ್ರಫಿ ಮಾಡುತ್ತಿದ್ದೇನೆ. ನಮಗೆ ಐದು ವರ್ಷದ ಮಗಳು, ಎರಡು ವರ್ಷದ ಮಗ. ಬನಶಂಕರಿಯಲ್ಲಿ ನೆಲಮಹಡಿಯ ಬಾಡಿಗೆ ಮನೆ. ಹಗಲಲ್ಲೂ ಒಳಗೆ ಬೆಳಕು ಕಡಿಮೆ. ಮಕ್ಕಳ ಸಾವಿರಾರು ಫೋಟೊ ತೆಗೆದಿದ್ದೇನೆ, ಆದರೆ ಕುಳಿತು ನೋಡಿದರೆ ಎಲ್ಲವೂ ಹುಟ್ಟುಹಬ್ಬ, ಲಾಲ್‌ಬಾಗ್, ನಗುಮುಖ ಅಷ್ಟೆ. ದಿನವೂ ನಾವು ಬದುಕುವ ಮನೆ ಎಲ್ಲೂ ಕಾಣುವುದಿಲ್ಲ. ಕ್ಯಾಮೆರಾ ಎತ್ತಿದ ಕೂಡಲೇ ಮಗಳು ಎರಡು ಬೆರಳು ತೋರಿಸಿ ಹಲ್ಲು ಕಿರಿಯುತ್ತಾಳೆ, ಮಗ ಲೆನ್ಸಿಗೆ ಕೈ ಹಾಕಲು ಓಡಿಬರುತ್ತಾನೆ. ರಾತ್ರಿ ಲೈಟಿನಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬರುತ್ತವೆ. ‘ಕ್ಯಾಮೆರಾ ಕೈಗೆ ಬಂದರೆ ನೀವು ಮನೆಯಲ್ಲಿ ಇರೋದೇ ಇಲ್ಲ’ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮಕ್ಕಳ ಫೋಟೊಗಳನ್ನು ಬಂಧುಗಳು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದು ಸರಿಯೇ? ಇಷ್ಟೆಲ್ಲವನ್ನು ಕಾಪಾಡುವುದು ಹೇಗೆ?

ಉತ್ತರ: ನಿಮ್ಮ ಪತ್ನಿಯವರ ಮಾತಿನಿಂದಲೇ ಆರಂಭಿಸುತ್ತೇನೆ, ನೀವು ಕೇಳಿರುವ ಉಳಿದ ಪ್ರಶ್ನೆಗಳ ಬೇರು ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಗಟ್ಟಿಮೇಳ ಎದ್ದು ಅಕ್ಷತೆ ಬೀಳುವ ಆ ಅರ್ಧ ನಿಮಿಷವನ್ನು ತಪ್ಪಿಸಿಕೊಂಡ ಮದುವೆ ಛಾಯಾಗ್ರಾಹಕನಿಗೆ ಕ್ಷಮೆ ಇಲ್ಲ. ಆದ್ದರಿಂದ ಅವನು ಇಡೀ ದಿನ ಮೈಯೆಲ್ಲ ಕಣ್ಣಾಗಿ, ಪುರೋಹಿತರನ್ನೂ ವಿಡಿಯೊದವರನ್ನೂ ದಾಟಿಕೊಂಡು, ಬೇಕಾದರೆ ‘ಇಲ್ಲಿ ನೋಡಿ, ಇನ್ನೊಂದು ಸಲ’ ಎಂದು ಮದುಮಕ್ಕಳನ್ನೇ ತಡೆದು ನಿಲ್ಲಿಸಿ ಚಿತ್ರ ತೆಗೆಯುವುದನ್ನು ರೂಢಿಸಿಕೊಂಡಿರುತ್ತಾನೆ. ಹತ್ತು ವರ್ಷದ ಆ ರೂಢಿಯನ್ನು ನೀವು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬರುತ್ತಿಲ್ಲ. ಮನೆಯಲ್ಲಿ ಗಟ್ಟಿಮೇಳವಿಲ್ಲ. ಮಗಳು ಇಂದು ಬೆಳಿಗ್ಗೆ ಏಳೂಕಾಲಕ್ಕೆ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದರೆ, ನಾಳೆಯೂ ಹುಡುಕುತ್ತಾಳೆ, ಮುಂದಿನ ಸೋಮವಾರವೂ ಹುಡುಕುತ್ತಾಳೆ. ಇಂದು ತಪ್ಪಿದ್ದು ನಾಳೆ ಸಿಗುತ್ತದೆ ಎಂಬ ಈ ಸೌಲಭ್ಯ ಕಲ್ಯಾಣಮಂಟಪದಲ್ಲಿ ಯಾರಿಗೂ ಇಲ್ಲ. ಅದನ್ನು ನೀವು ನಿಜವಾಗಿ ನಂಬಿದ ದಿನ, ಕ್ಯಾಮೆರಾವನ್ನು ಕೆಳಗಿಟ್ಟು ಸಾಕ್ಸ್ ಹುಡುಕಿಕೊಡಲು ಮನಸ್ಸು ಬರುತ್ತದೆ.

ಆದ್ದರಿಂದ ಒಂದು ವಾರಕ್ಕೆ ಮನೆಯ ಒಂದೇ ಒಂದು ಹೊತ್ತನ್ನು ಆರಿಸಿಕೊಳ್ಳಿ. ಸ್ಕೂಲ್ ವ್ಯಾನಿಗೆ ಕಾಯುವ ಹತ್ತು ನಿಮಿಷವಾಗಲಿ, ಭಾನುವಾರ ತಲೆಗೆ ಎಣ್ಣೆ ಒತ್ತುವ ಹೊತ್ತಾಗಲಿ, ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಮಗ ಬತ್ತಿಗೆ ಕೈಚಾಚುವ ಗಳಿಗೆಯಾಗಲಿ, ಯಾವುದಾದರೂ ಒಂದು. ಆ ವಾರ ಉಳಿದ ಹೊತ್ತಿನಲ್ಲಿ ಕ್ಯಾಮೆರಾ ಮುಟ್ಟಬೇಡಿ. ಆರಿಸಿಕೊಂಡ ಹೊತ್ತಿನಲ್ಲೂ ಹತ್ತು ಹನ್ನೆರಡು ಚಿತ್ರ ತೆಗೆದು ನಿಲ್ಲಿಸಿ. ಇದು ಕೇವಲ ಸಂಯಮದ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದ ವಸ್ತುಗಳನ್ನು ಸುಮ್ಮನೆ ಫೋಟೊ ತೆಗೆಯುತ್ತಾ ಹೋದವರು, ಬರಿಗಣ್ಣಿನಿಂದ ನೋಡಿದವರಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ಆದರೆ ವಸ್ತುವಿನ ಒಂದು ಭಾಗವನ್ನು ಆರಿಸಿ ಹತ್ತಿರದಿಂದ ತೆಗೆದಾಗ ಆ ನಷ್ಟ ಕಂಡುಬರಲಿಲ್ಲ. ಏನನ್ನು ತೆಗೆಯಬೇಕೆಂದು ಮನಸ್ಸಿಟ್ಟು ಆರಿಸುವವನು ನೋಡುತ್ತಲೂ ಇರುತ್ತಾನೆ, ಕ್ಯಾಮೆರಾವೇ ನೆನಪಿಟ್ಟುಕೊಳ್ಳಲಿ ಎಂದು ಒತ್ತುತ್ತಾ ಹೋಗುವವನು ನೋಡುವುದನ್ನು ನಿಲ್ಲಿಸುತ್ತಾನೆ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ನಿಮ್ಮ ಪತ್ನಿ ಹೇಳುತ್ತಿರುವುದೂ ಬಹುಶಃ ಇದನ್ನೇ.

ಇನ್ನು, ಸಾವಿರಾರು ಚಿತ್ರಗಳಿದ್ದರೂ ಮನೆ ಕಾಣುತ್ತಿಲ್ಲವೇಕೆ ಎಂಬ ಪ್ರಶ್ನೆ. ನಾನೂ ಇದೇ ತಪ್ಪು ಮಾಡಿದವನು. ತೊಂಬತ್ತರ ದಶಕದ ಕೊನೆಯಲ್ಲಿ ನಾವು ತ್ಯಾಗರಾಜನಗರದ ವಠಾರವೊಂದರಲ್ಲಿದ್ದಾಗ ನನ್ನ ಮಗಳಿಗೆ ಮೂರು ವರ್ಷ. ಮೂವತ್ತಾರು ಚಿತ್ರದ ಒಂದೊಂದು ರೀಲನ್ನೂ ಲೆಕ್ಕ ಹಾಕಿ ಬಳಸುತ್ತಿದ್ದ ಕಾಲ ಅದು. ನನ್ನ ಬಳಿಯಿದ್ದ 85 ಎಂಎಂ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆದು, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗುವ ಹಾಗೆ ಅವಳ ಮುಖ ತೆಗೆಯುತ್ತಿದ್ದೆ, ಹಾಗೆ ತೆಗೆದದ್ದಕ್ಕೆ ಹೆಮ್ಮೆಯೂ ಇತ್ತು. ಈಗ ಅವಳು ದೊಡ್ಡವಳಾಗಿ ಆ ನೆಗೆಟಿವ್‌ಗಳನ್ನು ನನ್ನ ಜೊತೆ ಕೂತು ವಿಂಗಡಿಸುವಾಗ ಕೇಳಿದ್ದು ತನ್ನ ಮುಖದ ಬಗ್ಗೆ ಅಲ್ಲವೇ ಅಲ್ಲ. ಅಜ್ಜಿ ಒರಳಿನ ಮುಂದೆ ಕೂರುತ್ತಿದ್ದುದು ಯಾವ ಮೂಲೆಯಲ್ಲಿ, ವಠಾರದ ನಲ್ಲಿಯ ಹತ್ತಿರ ಯಾರ ಮನೆ ಇತ್ತು, ಹಾಲ್‌ನಲ್ಲಿದ್ದ ಕಪ್ಪುಬಿಳುಪು ಟಿವಿಗೆ ಬಾಗಿಲು ಇತ್ತೋ ಇಲ್ಲವೋ ಎಂದು ಅವಳು ಕೇಳುತ್ತಾ ಹೋದಳು, ನನ್ನ ನೂರಾರು ಚಿತ್ರಗಳಲ್ಲಿ ಯಾವುದಕ್ಕೂ ಉತ್ತರ ಇರಲಿಲ್ಲ. ಎಲ್ಲವನ್ನೂ ನಾನೇ ಮಸುಕು ಮಾಡಿದ್ದೆ. ಕೈತಪ್ಪಿ ಅಗಲವಾಗಿ ಬಿದ್ದಿದ್ದ ಒಂದೇ ಒಂದು ಚಿತ್ರದ ಅಂಚಿನಲ್ಲಿ ಒರಳು, ಹಿಟ್ಟು ಮೆತ್ತಿದ ಅಜ್ಜಿಯ ಒಂದು ಕೈ, ಮಗಳ ಹಿಮ್ಮಡಿ ಇವೆ. ಅವಳು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡದ್ದು ಅದನ್ನು.

ಮಗುವಿನ ಮುಖ ನಿಮಗೆ ಈಗ ಅಪರೂಪವಾಗಿ ಕಾಣುತ್ತದೆ, ಸುತ್ತಲಿನ ಸಾಮಾನು ಗಲೀಜಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಈ ಬೆಲೆ ತಿರುಗುಮುರುಗಾಗುತ್ತದೆ. ಗ್ರಿಲ್ಲಿಗೆ ಒಣಹಾಕಿದ ಯೂನಿಫಾರಂ, ಬೆಳಿಗ್ಗೆ ಬಾಗಿಲ ಚೀಲದಲ್ಲಿ ಬಿದ್ದಿರುವ ನಂದಿನಿ ಹಾಲಿನ ಪ್ಯಾಕೆಟ್, ಕಾವೇರಿ ನೀರು ಬಿಟ್ಟ ದಿನ ಸಂಪಿನ ಮುಚ್ಚಳ ತೆಗೆದು ಇಣುಕುವ ಮಕ್ಕಳು, ಗೋಡೆಯ ಮೇಲೆ ಕ್ರೇಯಾನ್‌ನಲ್ಲಿ ಗೀಚಿದ ರೈಲು, ಸೋಫಾದ ಕೆಳಗೆ ಸೇರಿದ ಟಿಫನ್ ಡಬ್ಬಿಯ ಮುಚ್ಚಳ ಇವೆಲ್ಲ ಚೌಕಟ್ಟಿನೊಳಗೆ ಬರಲಿ. ಅದರಲ್ಲೂ ಬಾಡಿಗೆ ಮನೆ ಎಂದಿದ್ದೀರಿ. ಮಾಲೀಕರು ಕೆಡವಿ ನಾಲ್ಕು ಅಂತಸ್ತು ಕಟ್ಟಲು ಹೊರಟರೆ ಆ ಅಡುಗೆಮನೆಯನ್ನು ಮತ್ತೆ ನೋಡಲು ನಿಮ್ಮ ಮಕ್ಕಳಿಗೆ ಉಳಿಯುವುದು ನಿಮ್ಮ ಚಿತ್ರಗಳು ಮಾತ್ರ. ಇನ್ನೊಂದು ಮಾತು: ಬಹುಪಾಲು ಜನರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಸ್ವಂತ ನೆನಪಾಗಿ ಉಳಿಯುವುದಿಲ್ಲ. ನಿಮ್ಮ ಮಗ ಈಗ ಬದುಕುತ್ತಿರುವ ಕಾಲದ ಸಾಕ್ಷಿ ಅವನ ಬಳಿ ಇರುವುದಿಲ್ಲ, ನಿಮ್ಮ ಬಳಿ ಇರುತ್ತದೆ. ಬರೀ ಕೇಕು, ಬಲೂನುಗಳನ್ನೇ ಕೊಟ್ಟರೆ ತನ್ನ ಶೈಶವವೆಲ್ಲ ಪಾರ್ಟಿ ಹಾಲ್‌ನಲ್ಲೇ ಕಳೆಯಿತೆಂದು ಅವನು ತಿಳಿದುಕೊಂಡಾನು.

ಇದಕ್ಕೆ ಮೇಲ್ಪಂಕ್ತಿ ಬೇಕೆಂದರೆ ಹೊರಗೆ ಹುಡುಕಬೇಕಾಗಿಲ್ಲ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ದೊಡ್ಡ ದೊಡ್ಡ ವ್ಯಕ್ತಿಗಳನ್ನೂ ಘಟನೆಗಳನ್ನೂ ಚಿತ್ರಿಸಿದವರು, ಆದರೂ ಇಂದಿಗೂ ನೋಡುಗರನ್ನು ಹಿಡಿದು ನಿಲ್ಲಿಸುವುದು ಅವರು ತೆಗೆದ ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ಚಿತ್ರಗಳು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದ 1979ರಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತ್ತು. ಅವರ ಚಿತ್ರಗಳಲ್ಲಿ ಮಕ್ಕಳು ಒಂದು ಜಾಗದೊಳಗೆ ಇರುವುದನ್ನು ಗಮನಿಸಿ: ಬೀದಿ, ಬಾಗಿಲು, ನೀರು, ಗೋಡೆ ಎಲ್ಲವೂ ಮಗುವಿನಷ್ಟೇ ಸ್ಪಷ್ಟವಾಗಿರುತ್ತವೆ.

ಈಗ ಬೆಳಕಿನ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಮನೆಗಳಲ್ಲಿ ಪಕ್ಕದ ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ದೂರದಲ್ಲಿ ಪಕ್ಕದವರ ಗೋಡೆ ಇರುತ್ತದೆ. ಆ ಕಿಟಕಿಯಿಂದ ಒಳಗೆ ಬರುವುದು ಆಕಾಶದ ಬೆಳಕಲ್ಲ, ಆ ಗೋಡೆಯಿಂದ ಮರಳಿದ ಬೆಳಕು. ಪಕ್ಕದವರು ಗಿಳಿಹಸಿರು ಬಣ್ಣ ಬಳಿಸಿದ್ದರೆ ನಿಮ್ಮ ಮಗನ ಕೆನ್ನೆಯೂ ಹಸಿರಾಗುತ್ತದೆ; ಹಳೆಯ ಮನೆಯ ರೆಡ್ ಆಕ್ಸೈಡ್ ನೆಲವಿದ್ದರೆ ಗಲ್ಲದ ಕೆಳಗೆ ಕೆಂಪು ಛಾಯೆ ಬೀಳುತ್ತದೆ. ಇದನ್ನು ಕ್ಯಾಮೆರಾದ ತಪ್ಪೆಂದು ತಿಳಿದು ಕಂಪ್ಯೂಟರಿನಲ್ಲಿ ಹೆಣಗುವವರನ್ನು ಕಂಡಿದ್ದೇನೆ. ಕಿಟಕಿಗೆ ತೆಳುವಾದ ಬಿಳಿ ಪರದೆ ಹಾಕಿ, ಮಕ್ಕಳು ಹೆಚ್ಚಾಗಿ ಕೂರುವ ಜಾಗದಲ್ಲಿ ನೆಲಕ್ಕೆ ತಿಳಿಬಣ್ಣದ ಚಾಪೆಯನ್ನೋ ಜಮಖಾನವನ್ನೋ ಹಾಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಮೊದಲು ಒಂದು ಭಾನುವಾರ ಕ್ಯಾಮೆರಾ ಇಲ್ಲದೆ ಮನೆಯೊಳಗೆ ಬೆಳಕು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಗಮನಿಸಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆ ದಿನಗಳಲ್ಲಿ ಹನ್ನೆರಡೂವರೆಯ ಬಿಸಿಲು ಯಾವ ಕಿಟಕಿಯಿಂದಲೂ ಒಳಗೆ ಬರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ, ಎದುರಿಗೆ ಗೋಡೆಯಿಲ್ಲದ ದಕ್ಷಿಣದ ಕಿಟಕಿಯಿದ್ದರೆ ಬಿಸಿಲು ಕೋಣೆಯೊಳಗೆ ಕೆಲವು ಅಡಿ ಚಾಚಿಕೊಳ್ಳುತ್ತದೆ, ಎರಡು ವರ್ಷದ ಮಗು ಆ ಬಿಸಿಲಿನ ಚೌಕದಲ್ಲಿ ತಾನಾಗಿಯೇ ಹೋಗಿ ಕೂರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮೋಡದ ಬೆಳಕು ಮೃದು, ಆದರೆ ನಿಮ್ಮಂಥ ನೆಲಮಹಡಿಗೆ ಸಾಲದು. ಆಗ ಮುಂಬಾಗಿಲನ್ನು ಪೂರ್ತಿ ತೆರೆದಿಡಿ. ನಮ್ಮ ಮನೆಗಳಲ್ಲಿ ಅತ್ಯಂತ ದೊಡ್ಡ ಕಿಟಕಿ ಮುಂಬಾಗಿಲೇ. ಹೊಸ್ತಿಲ ಮೇಲೆ ಕೂತು ಶೂ ಹಾಕಿಕೊಳ್ಳುವ ಮಗುವಿಗೆ ಸಿಗುವ ಬೆಳಕು ಸ್ಟುಡಿಯೊದಲ್ಲಿ ಬಾಡಿಗೆ ಕೊಟ್ಟರೂ ಸಿಗದು.

ಹೀಗೆ ಬೆಳಕಿರುವ ಎರಡು ಮೂರು ಜಾಗಗಳನ್ನು ಗುರುತಿಸಿಕೊಂಡ ಮೇಲೆ, ಮಕ್ಕಳ ಹಿಂದೆ ಓಡುವುದನ್ನು ಬಿಟ್ಟು ಅಲ್ಲಿ ಕಾಯಿರಿ. ಮಗಳ ಬಣ್ಣದ ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಡುವುದು ಮೋಸವಲ್ಲ. ಬಣ್ಣ ಹಚ್ಚುವವಳು ಅವಳೇ ತಾನೆ. ಹಗಲಿನಲ್ಲಿ ಒಳಗಿನ ಲೈಟನ್ನು ಆರಿಸಿಬಿಡಿ, ಏಕೆಂದರೆ ಕಿಟಕಿಯ ನೀಲಿ ಬೆಳಕೂ ಬಲ್ಬಿನ ಹಳದಿ ಬೆಳಕೂ ಒಂದೇ ಮುಖದ ಎರಡು ಬದಿಗೆ ಬಿದ್ದರೆ ವೈಟ್ ಬ್ಯಾಲೆನ್ಸ್ ಎಂಬ ಬಣ್ಣದ ಹೊಂದಾಣಿಕೆ ಯಾವ ಕಡೆಗೂ ನಿಲ್ಲುವುದಿಲ್ಲ.

ರಾತ್ರಿಯ ಪಟ್ಟೆಗಳಿಗೆ ಕಾರಣ ನಮ್ಮ ಕರೆಂಟು. ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು, ಅಂದರೆ ಹಳೆಯ ಚೋಕಿನ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿ ಬಲ್ಬೂ ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಕಣ್ಣಿಗೆ ಅದು ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. ನೀವು ಮಕ್ಕಳಿಗೆ ಗೊತ್ತಾಗದಿರಲೆಂದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುತ್ತಿದ್ದೀರಿ ಎಂದು ಊಹಿಸುತ್ತೇನೆ. ಅದು ಸಾಮಾನ್ಯವಾಗಿ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಪ್ರತಿ ಸಾಲಿಗೂ ಬೇರೆ ಪ್ರಮಾಣದ ಬೆಳಕು ಬಿದ್ದು ಪಟ್ಟೆ ಮೂಡುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ, ವೇಗವನ್ನು ಸೆಕೆಂಡಿನ 1/100 ಅಥವಾ 1/50ಕ್ಕೆ ನಿಲ್ಲಿಸಿ. ಆಗ ಪ್ರತಿ ಚಿತ್ರಕ್ಕೂ ಏರಿಳಿತದ ಪೂರ್ತಿ ಸುತ್ತು ಸಿಗುತ್ತದೆ. ‘1/100ರಲ್ಲಿ ಓಡುವ ಮಗು ಅಲುಗಾಡುತ್ತದಲ್ಲ’ ಎಂದು ನೀವು ಕೇಳುತ್ತೀರಿ. ಅಲುಗಾಡುತ್ತದೆ. ಓಡುವ ಮಗುವಿಗೆ ಕನಿಷ್ಠ 1/500, ಆಟವಾಡುತ್ತಾ ಕೂತ ಮಗುವಿಗೆ 1/250 ಬೇಕು, ಅದು ಹಗಲಿನ ಬಾಗಿಲ ಬೆಳಕಿನಲ್ಲಿ ಮಾತ್ರ ಸಾಧ್ಯ. ಆದ್ದರಿಂದ ಓಟವನ್ನು ಹಗಲಿಗೆ ಬಿಡಿ, ರಾತ್ರಿಗೆ ನಿಂತ ಕೆಲಸಗಳನ್ನು ಇಟ್ಟುಕೊಳ್ಳಿ: ಕೈತುತ್ತು, ಕಥೆ ಕೇಳುವುದು, ತೊಡೆಯ ಮೇಲೆ ನಿದ್ದೆ. ಅಪರ್ಚರ್ ಎಫ್/2, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200 ಅಥವಾ 6400 ಎಂದರೆ ಹೆದರಬೇಡಿ. ಗ್ರಾಹಕರ ಆಲ್ಬಮ್ಮಿಗೆ ಒಪ್ಪದ ಮರಳು ಮರಳಾದ ಚಿತ್ರ ಮನೆಯ ಆಲ್ಬಮ್ಮಿನಲ್ಲಿ ಯಾರಿಗೂ ಕಾಣುವುದಿಲ್ಲ. ಫ್ಲ್ಯಾಶ್ ಬೇಡ, ಅದು ಹೊಡೆದ ಕ್ಷಣದಲ್ಲಿ ಆ ಹೊತ್ತು ಮುಗಿದುಹೋಗುತ್ತದೆ.

ಲೆನ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಅಡಿಯ ಕೋಣೆಗೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ, ಚಿಕ್ಕ ಸೆನ್ಸರಿನಲ್ಲಿ 23 ಅಥವಾ 24 ಎಂಎಂ ಸಾಕು. ಮದುವೆಗೆ ಒಯ್ಯುವ 85ನ್ನೂ 70-200ನ್ನೂ ಬ್ಯಾಗಿನಲ್ಲೇ ಇಡಿ, ಅವು ನಿಮ್ಮನ್ನು ಗೋಡೆಗೆ ಒರಗಿಸಿ ಮನೆಯವರಿಂದ ದೂರ ನಿಲ್ಲಿಸುತ್ತವೆ. ಮತ್ತೆ, ನೆಲದ ಮೇಲೆ ಕೂತುಕೊಳ್ಳಿ. ಎರಡು ವರ್ಷದ ಮಗುವಿನ ಕಣ್ಣಿನ ಎತ್ತರ ಸುಮಾರು ಎರಡೂವರೆ ಅಡಿ. ನಿಂತು ತೆಗೆದರೆ ತಲೆಯ ಸುಳಿ ಚೆನ್ನಾಗಿ ಬರುತ್ತದೆ, ಅಷ್ಟೆ.

ಮಗಳ ಎರಡು ಬೆರಳಿನ ಭಂಗಿಗೆ ಬೇಸರಪಡಬೇಡಿ. ಕ್ಯಾಮೆರಾ ಕಂಡಾಗ ಏನು ಮಾಡಬೇಕೆಂದು ನಾವು ದೊಡ್ಡವರು ಕಲಿಸಿದ್ದನ್ನೇ ಅವಳು ಮಾಡುತ್ತಿದ್ದಾಳೆ. ‘ಸ್ಮೈಲ್ ಮಾಡು ಪುಟ್ಟಿ’ ಎಂದವರು ಯಾರು? ಅವಳು ಭಂಗಿ ಕೊಟ್ಟರೆ ಮೊದಲು ಅದನ್ನು ಗೌರವದಿಂದ ತೆಗೆದು, ಅವಳಿಗೆ ತೋರಿಸಿ, ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿರಿ. ಐದು ನಿಮಿಷದಲ್ಲಿ ಅವಳು ತನ್ನ ಆಟಕ್ಕೆ ಮರಳುತ್ತಾಳೆ, ನಿಮ್ಮ ಚಿತ್ರ ಆಮೇಲೆ ಸಿಗುತ್ತದೆ. ‘ನಗು’ ಎಂಬ ಪದವನ್ನು ಮನೆಯಲ್ಲಿ ಕ್ಯಾಮೆರಾದ ಜೊತೆ ಮತ್ತೆ ಬಳಸಬೇಡಿ, ಅಜ್ಜಿ ತಾತಂದಿರಿಗೂ ಇದನ್ನು ಮೆಲ್ಲಗೆ ಹೇಳಿ. ಕ್ಯಾಮೆರಾವನ್ನು ಬ್ಯಾಗಿನಿಂದ ಸಂಭ್ರಮವಾಗಿ ತೆಗೆಯುವ ಬದಲು, ಮಗನ ಕೈಗೆ ಎಟುಕದ ಆದರೆ ಎಲ್ಲರ ಕಣ್ಣಿಗೂ ಬೀಳುವ ಒಂದು ಶೆಲ್ಫಿನ ಮೇಲೆ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಹಾಗೆ ಸದಾ ಇಟ್ಟುಬಿಡಿ. ಮಗ ಲೆನ್ಸಿಗೆ ಕೈ ಹಾಕಲು ಬಂದರೆ ಕೆಲವು ದಿನ ಹಾಕಲಿ. ಮುಂದೆ ಒಂದು ಫಿಲ್ಟರ್ ಹಾಕಿಡಿ, ಪಟ್ಟಿಯನ್ನು ನಿಮ್ಮ ಕುತ್ತಿಗೆಗೆ ಸುತ್ತಿಕೊಳ್ಳಿ, ಹಿಂದಿನ ಪರದೆಯಲ್ಲಿ ಅವನ ಬೆರಳನ್ನೇ ಅವನಿಗೆ ತೋರಿಸಿ. ತಡೆದಷ್ಟೂ ಅದು ಅವನಿಗೆ ಆಟದ ಸಾಮಾನಾಗುತ್ತದೆ. ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾ ಇದ್ದರೆ ಮಗಳ ಕೈಗೆ ಕೊಡಿ. ಅವಳ ಎತ್ತರದಿಂದ ಮನೆ ಹೇಗೆ ಕಾಣುತ್ತದೆಂದು ನಿಮಗೆ ಬೇರೆ ಯಾರೂ ತೋರಿಸಲಾರರು.

ಅಳುವ ಮಗುವನ್ನು ತೆಗೆಯಬಹುದೇ ಎಂದು ನನ್ನ ತರಗತಿಗಳಲ್ಲಿ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ರಾಗಿಮುದ್ದೆ ಬೇಡವೆಂದು ಹಟ ಹಿಡಿದ ಅಳು ಮನೆಯ ದಿನಚರಿಯ ಭಾಗ, ಒಂದು ಚಿತ್ರ ತೆಗೆಯಬಹುದು. ಬಿದ್ದು, ಹೆದರಿ, ನಿಮ್ಮನ್ನು ಹುಡುಕುತ್ತಾ ಬರುವ ಅಳುವಿಗೆ ಮೊದಲು ಎತ್ತಿಕೊಳ್ಳಬೇಕು. ಅಪ್ಪನ ಮುಖ ಬೇಕಾದಾಗ ಕ್ಯಾಮೆರಾದ ಹಿಂಬದಿ ಕಂಡ ಮಗುವಿಗೆ ಆ ಯಂತ್ರದ ಮೇಲೆ ಸಿಟ್ಟು ಉಳಿಯುತ್ತದೆ. ಸ್ನಾನದ ಚಿತ್ರಗಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟು: ನೀರು ತುಂಬಿದ ಬಕೆಟ್ಟು, ಸಾಬೂನಿನ ನೊರೆ, ಟವೆಲ್ ಸುತ್ತಿಕೊಂಡ ಮಗುವಿನ ಒದ್ದೆ ಕೂದಲು ಸಾಕು, ಬೆತ್ತಲೆ ಮೈ ಬೇಡ. ವೈದ್ಯರಿಗೆ ತೋರಿಸಲೆಂದು ಮಗನ ಚಿತ್ರ ತೆಗೆದ ಅಮೆರಿಕದ ತಂದೆಯೊಬ್ಬರ ಗೂಗಲ್ ಖಾತೆಯನ್ನು ಸ್ವಯಂಚಾಲಿತ ತಪಾಸಣೆಯ ನಂತರ ಮುಚ್ಚಿದ ಸಂಗತಿ 2022ರಲ್ಲಿ ಸುದ್ದಿಯಾಗಿತ್ತು. ಫೋನು ತಾನಾಗಿಯೇ ಎಲ್ಲವನ್ನೂ ಕ್ಲೌಡಿಗೆ ಏರಿಸುವ ಕಾಲದಲ್ಲಿ ‘ಇದು ನಮ್ಮ ಮನೆಯೊಳಗಿನದು’ ಎಂಬ ಮಾತಿಗೆ ಹಿಂದಿನ ಅರ್ಥ ಉಳಿದಿಲ್ಲ.

ಸ್ಟೇಟಸ್‌ ಪ್ರಶ್ನೆಗೂ ಇದೇ ಹಾದಿಯಲ್ಲಿ ಉತ್ತರವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸುವ ಸಂಸ್ಥೆಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕೆನ್ನುತ್ತದೆ, ಆದರೆ ವ್ಯಕ್ತಿಯೊಬ್ಬರು ಸ್ವಂತಕ್ಕೆ, ಮನೆಬಳಕೆಗೆ ಮಾಡುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ಚಿಕ್ಕಮ್ಮನ ಸ್ಟೇಟಸ್ಸನ್ನು ಆ ಕಾಯ್ದೆ ತಡೆಯಲಾರದು, ನೀವೇ ತಡೆಯಬೇಕು. ಶಾಲೆಯ ಬ್ಯಾಡ್ಜು, ವ್ಯಾನಿನ ನಂಬರು, ಗೇಟಿನ ಮೇಲಿನ ಮನೆ ಸಂಖ್ಯೆ ಕಾಣುವ ಚಿತ್ರಗಳನ್ನು ಯಾರಿಗೂ ಕಳಿಸಬೇಡಿ. ಫೋನಿನಲ್ಲಿ ಲೊಕೇಶನ್ ಚಾಲೂ ಇದ್ದರೆ ಚಿತ್ರದೊಳಗೇ ಜಾಗದ ವಿವರ ಸೇರಿಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ನೆಂಟರಿಗೆ ತಿಂಗಳಿಗೊಮ್ಮೆ ನಾಲ್ಕು ಪ್ರಿಂಟ್ ಕೊಡುವುದು ನಾನು ಕಂಡ ಉತ್ತಮ ಉಪಾಯ. ಕೈಯಲ್ಲಿ ಪ್ರಿಂಟ್ ಇರುವವರಿಗೆ ಸ್ಟೇಟಸ್ಸಿನ ಹಂಬಲ ಅಷ್ಟಿರುವುದಿಲ್ಲ. ನಿಮ್ಮ ವ್ಯಾಪಾರದ ಇನ್‌ಸ್ಟಾಗ್ರಾಮ್ ಪುಟಕ್ಕೆ ಮಕ್ಕಳನ್ನು ತರುವ ಆಸೆ ಬಂದರೆ ಐದು ವರ್ಷದ ಮಗಳನ್ನು ಒಂದು ಮಾತು ಕೇಳಿ, ಅವಳು ಬೇಡವೆಂದರೆ ಬಿಟ್ಟುಬಿಡಿ. ಪಾರ್ಕಿನಲ್ಲಿ ಚೌಕಟ್ಟಿಗೆ ಬಂದ ಇತರರ ಮಕ್ಕಳ ವಿಷಯದಲ್ಲಿ ಅವರ ತಂದೆತಾಯಿಯನ್ನು ಕೇಳದೆ ಏನನ್ನೂ ಮಾಡಬೇಡಿ.

ಕಾಪಾಡುವ ವಿಷಯಕ್ಕೆ ಬಂದರೆ, ನನ್ನ ಮಗಳ ಎಂಟನೆಯ ಮತ್ತು ಒಂಬತ್ತನೆಯ ವರ್ಷಗಳು ನನ್ನ ಬಳಿ ಇಲ್ಲ. ಎರಡೂ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು, ಅದು ಮೇಜಿನಿಂದ ಬಿತ್ತು. ದತ್ತಾಂಶ ಹಿಂಪಡೆದುಕೊಡುತ್ತೇನೆಂದ ಅಂಗಡಿಯವನು ಹಣ ತೆಗೆದುಕೊಂಡು ಖಾಲಿ ಡಿಸ್ಕನ್ನೇ ಹಿಂದಿರುಗಿಸಿದ. ಅಂದಿನಿಂದ ಪ್ರತಿ ಚಿತ್ರಕ್ಕೂ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ ಎಂಬ ನಿಯಮವನ್ನು ಪಾಲಿಸುತ್ತಿದ್ದೇನೆ. ನಮ್ಮ ಬೇರೆ ಮನೆ ಎಂದರೆ ಮೈಸೂರಿನ ಅಕ್ಕನ ಬೀರು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತುಹೋಯಿತು. ಪುಕ್ಕಟೆಯ 15 ಜಿಬಿ, ಒಂದೊಂದು ಸುಮಾರು 30 ಎಂಬಿಯಂತೆ ಐನೂರು ರಾ ಫೈಲಿಗೇ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರ) ತುಂಬುತ್ತದೆ. ಆದ್ದರಿಂದ ಉಳಿಸುವುದಕ್ಕಿಂತ ಮೊದಲು ಅಳಿಸಬೇಕು. ವಾರದ ಕೊನೆಗೆ ಪತ್ನಿಯವರ ಜೊತೆ ಕೂತು ಐದು ಚಿತ್ರ ಆರಿಸಿ. ಅವರು ಆರಿಸುವುದು ನೀವು ಆರಿಸಿದ್ದಕ್ಕಿಂತ ಬೇರೆಯಾಗಿರುತ್ತದೆ, ಆ ಭಿನ್ನಾಭಿಪ್ರಾಯದಲ್ಲಿ ಕಲಿಯುವುದು ಬಹಳವಿದೆ. ವರ್ಷಕ್ಕೆ ಇನ್ನೂರೈವತ್ತರಷ್ಟಾಗುವ ಅವುಗಳಲ್ಲಿ ನೂರನ್ನು ನಾಲ್ಕು-ಆರು ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್ಲಿನಿಂದ ತಾರೀಖು, ಜಾಗ, ಆ ದಿನ ಮಗು ಆಡಿದ ಒಂದು ಮಾತು ಬರೆದಿಡಿ. ಅಂಟು ಹಾಳೆಯ ಆಲ್ಬಂ ಬೇಡ, ಅದರ ಅಂಟು ಕಾಲಕ್ರಮದಲ್ಲಿ ಪ್ರಿಂಟನ್ನು ಹಾಳುಮಾಡುತ್ತದೆ. ಮಳೆಗಾಲದಲ್ಲಿ ನೆಲಮಹಡಿಯ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹತ್ತುವುದುಂಟು. ದಿನವೂ ಬಳಸದ ಲೆನ್ಸುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಎಲ್ಲಕ್ಕಿಂತ, ಶೆಲ್ಫಿನ ಮೇಲಿದ್ದು ದಿನವೂ ಬಳಕೆಯಾಗುವ ಕ್ಯಾಮೆರಾಗೆ ಫಂಗಸ್ ಬರುವುದು ಕಡಿಮೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಸೇರಿಸಬೇಕು. ಆ ಸಾವಿರಾರು ಚಿತ್ರಗಳಲ್ಲಿ ನೀವು ಎಷ್ಟರಲ್ಲಿ ಇದ್ದೀರಿ? ನಿಮ್ಮ ಪತ್ನಿ ಹಬ್ಬದ ಸೀರೆಯಲ್ಲಿ ಇರಬಹುದು, ನೈಟಿಯ ಮೇಲೆ ಟವೆಲ್ ಹೊದ್ದು ದೋಸೆ ಹುಯ್ಯುವ ದಿನ ಅವರು ‘ಬೇಡ, ಈಗ ತೆಗೀಬೇಡಿ’ ಎಂದಿರುತ್ತಾರೆ, ನೀವು ನಿಲ್ಲಿಸಿರುತ್ತೀರಿ. ಅವರು ಒಪ್ಪಿದರೆ ಒಂದು ಶನಿವಾರ ರಾತ್ರಿ ಹೀಗೆ ಮಾಡಿ. ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಇಂಟರ್ವಲ್ ಶೂಟಿಂಗ್ ಸೌಲಭ್ಯವಿದೆ. ಮೂವತ್ತು ಸೆಕೆಂಡಿಗೊಂದು ಚಿತ್ರದಂತೆ ಅರ್ಧ ಗಂಟೆಗೆ ಅರವತ್ತು ಚಿತ್ರಕ್ಕೆ ಹೊಂದಿಸಿ, ಶಟರ್ 1/100, ಫೋಕಸ್ಸನ್ನು ಊಟಕ್ಕೆ ಕೂರುವ ಜಾಗಕ್ಕೆ ಕೈಯಿಂದಲೇ ನಿಲ್ಲಿಸಿ, ಅಪರ್ಚರನ್ನು ಎಫ್/4ರವರೆಗೆ ಮುಚ್ಚಿ ಐಎಸ್‌ಒ ಬೇಕಾದಷ್ಟು ಏರಲು ಬಿಡಿ. ಕ್ಯಾಮೆರಾವನ್ನು ಫ್ರಿಡ್ಜಿನ ಮೇಲೆ, ಕೆಳಗೆ ಒಂದು ಮಡಿಸಿದ ಬಟ್ಟೆ ಹಾಕಿ, ಸ್ವಲ್ಪ ಬಾಗಿಸಿ ಇಡಿ. ಆಮೇಲೆ ಕೈ ತೊಳೆದುಕೊಂಡು ಬಂದು ಮಗನ ಪಕ್ಕ ಕೂತು ಅವನ ತಟ್ಟೆಯಲ್ಲಿ ಅನ್ನ, ಸಾರು, ತುಪ್ಪ ಕಲಸಿ.